ರಾತ್ರಿ ಹೊತ್ತು ಶಿಳ್ಳೆ ಹೊಡೀಬೇಡ

"ರಾತ್ರಿ ಹೊತ್ತು ಶಿಳ್ಳೆ ಹೊಡೀಬೇಡ, ಹಾವು ಬರುತ್ತೆ" ಅಂತ ಅಜ್ಜಿ ಗದರುತ್ತಿದ್ದರು. ಇಂಗ್ಲೆಂಡಿನ ನಾರಿಚ್‌ನಲ್ಲಿ ಕೂತು ಹಳೇ ಬಿಬಿಸಿ ಚಿತ್ರವೊಂದನ್ನು ನೋಡುವಾಗ ಆ ಮಾತು ನೆನಪಾಯಿತು.

ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2022ರಲ್ಲಿ ತಂದ 'ಘೋಸ್ಟ್ ಸ್ಟೋರೀಸ್ ಫಾರ್ ಕ್ರಿಸ್‌ಮಸ್' ಬ್ಲೂರೇ ಡಿಸ್ಕ್‌ಗಳ ಮೊದಲ ಸಂಪುಟದಲ್ಲಿ ಇದು ಸಿಕ್ಕಿತು. ಅದರಲ್ಲಿ ಐದು ಚಿತ್ರಗಳಿವೆ. ನಾನು ತಗೊಂಡಿದ್ದು ಒಂದಕ್ಕಾಗಿ: ಜೊನಾಥನ್ ಮಿಲ್ಲರ್ 1968ರಲ್ಲಿ ತೆಗೆದ 'ವಿಷಲ್ ಅಂಡ್ ಐಲ್ ಕಮ್ ಟು ಯೂ', ಅಂದರೆ 'ಶಿಳ್ಳೆ ಹೊಡಿ, ನಿನ್ನ ಹತ್ತಿರ ಬರ್ತೀನಿ'. ಕಪ್ಪು-ಬಿಳುಪು, ಮುಕ್ಕಾಲು ಗಂಟೆಯೂ ಇಲ್ಲ.

ಕಥೆ ಇಂಗ್ಲಿಷ್ ಲೇಖಕ ಎಂ. ಆರ್. ಜೇಮ್ಸ್ ಅವರದು. ಕ್ರಿಸ್‌ಮಸ್ ಸಮಯದಲ್ಲಿ ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಗೆಳೆಯರನ್ನು ಕೂರಿಸಿಕೊಂಡು ಇಂಥ ಕಥೆಗಳನ್ನು ಓದುತ್ತಿದ್ದರು. ಇಲ್ಲಿಯವರಿಗೆ ದೆವ್ವದ ಕಥೆ ಅಂದರೆ ಚಳಿಗಾಲ, ಬೆಂಕಿ, ಮನೆಮಂದಿ. 1970ರ ದಶಕದಲ್ಲಿ ಬಿಬಿಸಿ ಕ್ರಿಸ್‌ಮಸ್‌ಗೆ ವರ್ಷಾ ವರ್ಷಾ ಒಂದೊಂದು ದೆವ್ವದ ಚಿತ್ರ ಹಾಕಿದ್ದೂ ಇದೇ ರೂಢಿ ಹಿಡಿದು.

ಪ್ರೊಫೆಸರ್ ಒಬ್ಬ ಕಡಲ ಪಕ್ಕದ ಹೋಟೆಲಿಗೆ ರಜೆಗೆ ಬರುತ್ತಾನೆ. ಹಳೇ ಸ್ಮಶಾನದಲ್ಲಿ ಮೂಳೆಯ ವಿಷಲ್ ಸಿಗುತ್ತದೆ. ಅದರ ಮೇಲೆ ಲ್ಯಾಟಿನ್‌ನಲ್ಲಿ "ಬರುತ್ತಿರುವ ಇವನು ಯಾರು?" ಅಂತ ಕೆತ್ತಿದೆ. ಊದುತ್ತಾನೆ. ಗಾಳಿ ಏಳುತ್ತದೆ. ಅವನ ರೂಮಲ್ಲಿ ಎರಡು ಮಂಚ. ಇನ್ನೊಂದರಲ್ಲಿ ಯಾರೂ ಮಲಗಿಲ್ಲ, ಆದರೆ ಬೆಳಗ್ಗೆ ನೋಡಿದರೆ ಅದರ ಹಾಸಿಗೆಯೂ ಕೆದರಿದೆ! ಕೊನೆಗೆ ಎದ್ದು ನಿಲ್ಲೋದು ಬರೀ ಬೆಡ್‌ಶೀಟು. ರಕ್ತ ಇಲ್ಲ, ಏನೂ ಇಲ್ಲ. ದೆವ್ವ ನಂಬ್ತೀರಾ ಅಂತ ಕೇಳಿದವರನ್ನು ಮಾತಲ್ಲೇ ಸುತ್ತಿಸಿದ ಆ ಓದಿದ ಮನುಷ್ಯ, ಮಗುವಿನ ಹಾಗೆ ಹೆಬ್ಬೆರಳು ಬಾಯಿಗಿಟ್ಟುಕೊಳ್ಳುತ್ತಾನೆ. ಅಷ್ಟು ಹೊತ್ತೂ ತನ್ನಷ್ಟಕ್ಕೆ ಗೊಣಗುತ್ತಿದ್ದವನಿಗೆ ಈಗ ಮಾತೇ ಹೊರಡುವುದಿಲ್ಲ. ಪ್ರೊಫೆಸರ್ ಪಾತ್ರದ ಮೈಕೆಲ್ ಹಾರ್ಡರ್ನ್ ಎಂಥಾ ನಟ! ಬುದ್ಧಿ ಕೈಬಿಟ್ಟ ಮನುಷ್ಯನನ್ನು ನೋಡೋದೇ ನನಗೆ ಆ ಬೆಡ್‌ಶೀಟಿಗಿಂತ ಜಾಸ್ತಿ ಭಯ.

ಚಿತ್ರದ ಒಂದಷ್ಟು ಭಾಗ ಸಫೋಕ್‌ನ ಡನಿಚ್‌ನಲ್ಲಿ ತೆಗೆದಿದ್ದು. ಹೋಗಿ ನೋಡಿ ಬಂದೆ. ಒಂದು ಕಾಲಕ್ಕೆ ದೊಡ್ಡ ಬಂದರು, ಈಗ ಸಣ್ಣ ಹಳ್ಳಿ. ಮಿಕ್ಕಿದ್ದೆಲ್ಲ ಸಮುದ್ರದ ಪಾಲು. 20ನೇ ಶತಮಾನದ ಶುರುವಿನಲ್ಲಿ ಅಲ್ಲಿನ ಚರ್ಚೂ ಸ್ವಲ್ಪ ಸ್ವಲ್ಪವಾಗಿ ನೀರಿಗೆ ಬಿತ್ತು. ಅದರ ಸ್ಮಶಾನದ ಮೂಳೆಗಳು ಕುಸಿದ ದಂಡೆಯಲ್ಲಿ ಕಾಣುತ್ತಿದ್ದವಂತೆ. ಮೂಳೆಯ ವಿಷಲ್ ಸಿಕ್ಕಿತು ಅಂದರೆ ಅಲ್ಲಿ ನಿಂತಾಗ ನಂಬಬೇಕು ಅನ್ನಿಸುತ್ತೆ.

ಇದೇ ಸಂಪುಟದಲ್ಲಿ ಅದೇ ಕಥೆಯನ್ನು ಮತ್ತೆ ತೆಗೆದ 2010ರ ಚಿತ್ರವೂ ಇದೆ. ಮುಖ್ಯ ಪಾತ್ರವನ್ನು ಜಾನ್ ಹರ್ಟ್ ಚೆನ್ನಾಗಿ ಮಾಡಿದ್ದಾರೆ, ಆದರೆ ವಿಷಲ್ ತೆಗೆದು ಉಂಗುರ ಇಟ್ಟಿದ್ದಾರೆ. ಊದಿ ಕರೆದಿದ್ದಕ್ಕೇ ತಾನೇ ಆ ದೆವ್ವ ಬಂದಿದ್ದು, ಅಲ್ವಾ? ನನಗೆ ಒಪ್ಪಲಿಲ್ಲ.

ಊರಿಗೆ ತರಿಸಿಕೊಳ್ಳುವವರು ಪ್ಲೇಯರ್ ನೋಡಿಕೊಳ್ಳಿ. ಬ್ಲೂರೇ ಲೆಕ್ಕದಲ್ಲಿ ಬ್ರಿಟನ್ ರೀಜನ್ (ವಲಯ) ಬಿ, ಭಾರತ ಸಿ; ಒಂದು ವಲಯದ ಡಿಸ್ಕ್ ಇನ್ನೊಂದರ ಪ್ಲೇಯರಲ್ಲಿ ಓಡದೇ ಇರಬಹುದು. ಹಾರ್ಡರ್ನ್ ಗೊಣಗೋದು ಅರ್ಥವಾಗದಿದ್ದರೆ ಸಬ್‌ಟೈಟಲ್ ಹಾಕಿಕೊಳ್ಳಿ. ಸೌಂಡ್ ಮಾತ್ರ ಕಡಿಮೆ ಮಾಡಬೇಡಿ, ಆ ಗಾಳಿ ಕೇಳಿಸಬೇಕು.