ಚಿತ್ರ ನೋಡಿ ಮರುಳಾದೆ, ಅಂಚು ನೋಡಲಿಲ್ಲ

ಹಳೆಯ ಯುದ್ಧವಿಮಾನಗಳ ಚಿತ್ರ, ಅದರ ಕೆಳಗೆ ಕಲಾವಿದನ ಸಹಿ, ಪಕ್ಕದಲ್ಲಿ ಆ ವಿಮಾನ ಹಾರಿಸಿದ ಪೈಲಟ್ಟಿನ ಸಹಿ. ಇಂಥ ಪ್ರಿಂಟ್‌ಗಳನ್ನು ವಿದೇಶದಿಂದ ತರಿಸುವ ಹುಚ್ಚು ನಿಮಗೂ ಇದ್ದರೆ, ಹಣ ಕಳಿಸುವ ಮುಂಚೆ ಇದನ್ನೊಮ್ಮೆ ಓದಿ. 420 ಪೌಂಡ್ ಕೊಟ್ಟು ನಾನು ತರಿಸಿಕೊಂಡದ್ದಕ್ಕೂ ಶಿವಕಾಶಿಯಲ್ಲಿ ಅಚ್ಚಾಗುವ ಕ್ಯಾಲೆಂಡರಿನ ಹಾಳೆಗೂ ಹೆಚ್ಚು ವ್ಯತ್ಯಾಸವಿಲ್ಲ. ಕ್ಯಾಲೆಂಡರಿನಲ್ಲಾದರೆ ರಾಹುಕಾಲ ಇರುತ್ತದೆ, ಇದರಲ್ಲಿ ಅದೂ ಇಲ್ಲ.

ಈ ಹುಚ್ಚು ಹತ್ತಿದ್ದು ಅಪ್ಪನ ಟ್ರಂಕಿನಿಂದ. ಅಪ್ಪ ಎಚ್‌ಎಎಲ್ ಸೇರಿದ್ದು 1950ರ ದಶಕದಲ್ಲಿ, ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪನಿಯ ಲೈಸೆನ್ಸ್ ಪಡೆದು ಬೆಂಗಳೂರಿನಲ್ಲಿ ವ್ಯಾಂಪೈರ್ ಜೆಟ್ ತಯಾರಿಸುತ್ತಿದ್ದ ಕಾಲ. (ಜೆಟ್ ಅಂದಮಾತ್ರಕ್ಕೆ ಎಲ್ಲವೂ ಲೋಹವಲ್ಲ, ವ್ಯಾಂಪೈರ್‌ನಲ್ಲಿ ಪೈಲಟ್ ಕೂರುವ ಭಾಗ ಪ್ಲೈವುಡ್ ಮತ್ತು ಬಾಲ್ಸಾ ಮರದ್ದು. ಅಪ್ಪ ಇದನ್ನು ಬಂದವರಿಗೆಲ್ಲ ಹೇಳುತ್ತಿದ್ದರು.) ಟ್ರಂಕಿನ ಮುಚ್ಚಳದ ಒಳಮೈಗೆ, ವೆಂಕಟರಮಣನ ಪಟದ ಪಕ್ಕದಲ್ಲಿ, ಯಾವುದೋ ಇಂಗ್ಲಿಷ್ ಪತ್ರಿಕೆಯಿಂದ ಕತ್ತರಿಸಿದ ಡಿ ಹ್ಯಾವಿಲೆಂಡ್ ಜಾಹೀರಾತೊಂದನ್ನು ಅಂಟಿಸಿದ್ದರು. ಅದರಲ್ಲಿ ವಿಮಾನ ಇದ್ದದ್ದು ಒಂದು ಮೂಲೆಯಲ್ಲಿ, ಉಳಿದದ್ದೆಲ್ಲ ಆಕಾಶ. ಮಳೆ ಬಿಟ್ಟ ಮೇಲೆ ಬಿಸಿಲು ಒಂದೇ ಕಡೆಯಿಂದ ಇಣುಕುತ್ತದಲ್ಲ, ಆ ಆಕಾಶ. ಕೆಳಗೆ ಕುಂಚದಲ್ಲೇ ಬರೆದ ಹೆಸರು, ಫ್ರಾಂಕ್ ವುಟನ್.

ಹೆಸರಿನ ಹಿಂದೆ ಬಿದ್ದದ್ದು ನಾನು ದೊಡ್ಡವನಾದ ಮೇಲೆ. ವುಟನ್ ಹುಟ್ಟಿದ್ದು 1911ರಲ್ಲಿ, ಕಲಿತದ್ದು ಈಸ್ಟ್‌ಬೋರ್ನ್ ಊರಿನ ಕಲಾಶಾಲೆಯಲ್ಲಿ. ಹೊಟ್ಟೆಪಾಡಿಗೆ ಜಾಹೀರಾತಿನ ಚಿತ್ರ ಬರೆಯುತ್ತಿದ್ದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಾಯುಪಡೆ ಆರ್‌ಎಎಫ್ ಇವನನ್ನು ಕಲಾವಿದನನ್ನಾಗಿಯೇ 1944ರಲ್ಲಿ ನಾರ್ಮಂಡಿಗೆ ಕಳಿಸಿತು. ಫಲೇಸ್ ಬಳಿ ಜರ್ಮನ್ ಪಡೆಗಳ ಮೇಲೆ ಟೈಫೂನ್ ವಿಮಾನಗಳು ರಾಕೆಟ್ ಬಿಡುವ ಚಿತ್ರ ಬರೆದ. ಅದು ಈಗ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಅಲ್ಲಿಂದ ಅವನನ್ನು ನಮ್ಮ ಕಡೆಗೂ, ಭಾರತ ಮತ್ತು ಬರ್ಮಾಗಳಿಗೂ ಕಳಿಸಿದರು. 1971ರಲ್ಲಿ ಬ್ರಿಟನ್ನಿನ ವೈಮಾನಿಕ ಕಲಾವಿದರ ಸಂಘ ಹುಟ್ಟಿದಾಗ ಮೊದಲ ಅಧ್ಯಕ್ಷ ಇವನೇ. ಕುದುರೆ, ಹೊಲಗದ್ದೆಗಳ ಚಿತ್ರಗಳನ್ನೂ ಅಷ್ಟೇ ಪ್ರೀತಿಯಿಂದ ಬರೆದ. ನನ್ನ ಪ್ರಕಾರ ಅವನ ವಿಮಾನಗಳು ನಿಜವಾಗಿ ಹಾರುವುದು ಅದಕ್ಕೇ: ಮೊದಲು ನೆಲ, ಆಕಾಶ, ಗಾಳಿ ಬರೆದು ಆಮೇಲೆ ವಿಮಾನವನ್ನು ತಂದು ಬಿಟ್ಟ ಹಾಗಿರುತ್ತದೆ. ಉಳಿದವರಲ್ಲಿ ಎಷ್ಟೋ ಮಂದಿ ರಿವೆಟ್ ಎಣಿಸುವುದರಲ್ಲೇ ಮುಗಿಯುತ್ತಾರೆ. 1998ರಲ್ಲಿ ತೀರಿಕೊಂಡ.

ನಮ್ಮಂಥ ಸಂಬಳದವರು ಇಂಥವರ ಕ್ಯಾನ್ವಾಸ್ ಕೊಳ್ಳುವ ಮಾತೇ ಇಲ್ಲ. ಕೊಳ್ಳುವುದು ಪ್ರಿಂಟ್. ಆ ವ್ಯವಹಾರ ಹೇಗೆ ಅಂದರೆ, ಮೂಲ ಚಿತ್ರದ ಫೋಟೊ ತೆಗೆದು ಒಳ್ಳೆಯ ಕಾಗದದ ಮೇಲೆ ಆಫ್‌ಸೆಟ್‌ನಲ್ಲಿ ಕೆಲವು ನೂರು ಪ್ರತಿ ಅಚ್ಚು ಹಾಕುತ್ತಾರೆ. ಚಿತ್ರದ ಕೆಳಗಿನ ಬಿಳಿ ಅಂಚಿನಲ್ಲಿ ಕಲಾವಿದ ಪೆನ್ಸಿಲ್ಲಿನಲ್ಲಿ ಸಹಿ ಹಾಕುತ್ತಾನೆ, ಪ್ರತಿಯ ಸಂಖ್ಯೆ ಬರೆಯುತ್ತಾರೆ: 312/850 ಅಂತಿದ್ದರೆ ಎಂಟುನೂರ ಐವತ್ತರಲ್ಲಿ ಮುನ್ನೂರ ಹನ್ನೆರಡನೆಯದು. ಯುದ್ಧದಲ್ಲಿ ಹಾರಿದ ಹಿರಿಯರೊಬ್ಬರನ್ನೋ ನಾಲ್ವರನ್ನೋ ಕೂರಿಸಿ ಅವರಿಂದಲೂ ಸಹಿ ಹಾಕಿಸುತ್ತಾರೆ. ಕೆಲವದರ ಅಂಚಿನಲ್ಲಿ ಶಾಯಿಯಿಲ್ಲದೆ ಒತ್ತಿದ ಉಬ್ಬು ಮುದ್ರೆಯೂ ಇರುತ್ತದೆ. ಚಿತ್ರದ ಭಾಗ ಎಲ್ಲ ಪ್ರತಿಯಲ್ಲೂ ಒಂದೇ. ಬೆಲೆ ಏರುವುದೂ ಇಳಿಯುವುದೂ ಆ ಎರಡು ಬೆರಳಗಲದ ಬಿಳಿ ಅಂಚಿನಿಂದ. ನಮ್ಮಮ್ಮ ಚಿಕ್ಕಪೇಟೆಯಲ್ಲಿ ಸೀರೆ ಕೊಳ್ಳುವಾಗ ಮೈ ನೋಡುತ್ತಲೇ ಇರಲಿಲ್ಲ. ಅಂಚು, ಸೆರಗು, ಆಮೇಲೆ ತಿರುವಿ ಹಿಂಬದಿ. ಅಮ್ಮನ ಜೊತೆ ಅಷ್ಟು ಅಂಗಡಿ ಸುತ್ತಿಯೂ ನನಗೆ ಬುದ್ಧಿ ಬರಲಿಲ್ಲ.

ಮಾರಾಟಗಾರ ಸಿಕ್ಕಿದ್ದು ಒಂದು ಆನ್‌ಲೈನ್ ಮಾರುಕಟ್ಟೆಯಲ್ಲಿ. ಫ್ರೇಮ್ ಹಾಕಿ ಗೋಡೆಗೆ ನೇತುಹಾಕಿದ ಚಿತ್ರದ ಫೋಟೊ: ವುಟನ್‌ನ ಸ್ಪಿಟ್‌ಫೈರ್ ಯುದ್ಧವಿಮಾನಗಳು, ಕೆಳಗೆ ವುಟನ್ ಸಹಿ, ಅದರ ಪಕ್ಕ ಡಗ್ಲಸ್ ಬಾಡರ್ ಸಹಿ. ಬಾಡರ್ ಯಾರು ಅಂತ ಈ ಹುಚ್ಚಿನವರಿಗೆ ಹೇಳಬೇಕಿಲ್ಲ. 1931ರ ಡಿಸೆಂಬರಿನಲ್ಲಿ ರೆಡಿಂಗ್ ಪಕ್ಕದ ವುಡ್ಲಿಯಲ್ಲಿ ವಿಮಾನ ನೆಲಕ್ಕೆ ಬಡಿದು ಎರಡೂ ಕಾಲು ಹೋಗಿ, ಕೃತಕ ಕಾಲಿನಲ್ಲೇ ಮತ್ತೆ ಸ್ಪಿಟ್‌ಫೈರ್, ಹರಿಕೇನ್ ಹಾರಿಸಿ ಯುದ್ಧ ಮಾಡಿದವನು. ನಮ್ಮ ಅಕ್ಕನ ಮಗ ಇರುವುದೂ ಅದೇ ವುಡ್ಲಿಯಲ್ಲಿ! ಕೊಳ್ಳಬೇಕು ಅಂತ ಮನಸ್ಸು ಮಾಡಿದವನಿಗೆ ಕಾಗೆ ಕೂತದ್ದೂ ಶಕುನವೇ.

ಫೋಟೊ ಒಂದೇ ಇತ್ತು. ಇನ್ನೆರಡು ಕೇಳಿದಾಗ "ತಾತನ ಸಂಗ್ರಹ, ಫ್ರೇಮ್ ಬಿಚ್ಚಿದರೆ ಹಾಳಾದೀತು" ಎಂಬ ಉತ್ತರ ಬಂತು. ತಾತ ಅಂದನಲ್ಲ, ನಾನು ಕರಗಿದೆ. ಸೈಟಿನ ಮೂಲಕ ಹೋದರೆ ಕಮಿಷನ್ ಹಿಡಿಯುತ್ತಾರೆ, ಸ್ನೇಹಿತರಿಗೆ ಹಣ ಕಳಿಸುವ ದಾರಿಯಲ್ಲಿ ಕಳಿಸಿದರೆ ಮೂವತ್ತು ಪೌಂಡ್ ಕಡಿಮೆ ಮಾಡುತ್ತೇನೆ ಅಂದ. ಹಣ ಕಟ್ಟಬೇಕಾದವನು ಅಕ್ಕನ ಮಗ. ಅವನು ಹೇಳಿದ: "ಮಾಮ, ಸೈಟಿನ ಒಳಗೇ ಕಟ್ಟೋಣ. ಹೊರಗಡೆ ಕೊಟ್ರೆ ಆಮೇಲೆ ಯಾರನ್ನೂ ಕೇಳೋಕಾಗಲ್ಲ."

"ಮೂವತ್ತು ಪೌಂಡ್ ಅಂದ್ರೆ ಮೂರು ಸಾವಿರ ರೂಪಾಯಿ ಕಣೋ," ಅಂದೆ ನಾನು.

ಪಾರ್ಸಲ್ ನೇರ ಬೆಂಗಳೂರಿಗೆ ಬಂತು. ಮಾರಿದವನು ಮೇಲೆ "ಒರಿಜಿನಲ್ ಲಿಥೋಗ್ರಾಫ್, ಕಲಾಕೃತಿ" ಅಂತ ಬರೆದಿದ್ದ, ಅಂದರೆ ಕಲಾವಿದ ಕಲ್ಲಿನ ಅಥವಾ ಲೋಹದ ಫಲಕದ ಮೇಲೆ ಕೈಯಾರೆ ಬರೆದು ತೆಗೆದ ಅಚ್ಚು ಎಂಬ ಅರ್ಥ. ಕಸ್ಟಮ್ಸ್‌ನಲ್ಲಿ ಅದನ್ನು ಒಪ್ಪಲಿಲ್ಲ. ಸುಂಕದ ಪಟ್ಟಿಯ 9702ರಲ್ಲಿ ಬರುವುದು ಕಲಾವಿದ ಪೂರ್ತಿ ತನ್ನ ಕೈಯಿಂದಲೇ ಮಾಡಿದ ಅಚ್ಚುಫಲಕದಿಂದ ನೇರವಾಗಿ ತೆಗೆದ ಪ್ರತಿ. ಫೋಟೊ ತೆಗೆದು ಯಂತ್ರದಲ್ಲಿ ಮುದ್ರಿಸಿದ್ದು ಅದಕ್ಕೆ ಸೇರುವುದಿಲ್ಲ. ನನ್ನದನ್ನು 4911ಕ್ಕೆ, ಅಂದರೆ ಮುದ್ರಿತ ಚಿತ್ರಗಳ ಗುಂಪಿಗೆ ಹಾಕಿ ಸುಂಕ ಕಟ್ಟಿಸಿಕೊಂಡರು. ಕಲೆ ಗೊತ್ತಿಲ್ಲದ ಜನ ಅಂತ ಕೊರಿಯರ್ ಹುಡುಗನ ಮುಂದೆ ಬೈದೆ. ಈ ಇಡೀ ವ್ಯವಹಾರದಲ್ಲಿ ಮೊದಲು ನಿಜ ಹೇಳಿದವರು ಅವರೇ. ಸರಿಯಾದ ಲಿಮಿಟೆಡ್ ಎಡಿಷನ್ ಕೂಡ ಆಫ್‌ಸೆಟ್ ಆದ್ದರಿಂದ ಅದೇ ಗುಂಪಿಗೇ ಬರುತ್ತದೆ, ಹಾಗಾಗಿ ಅದೊಂದರಿಂದಲೇ ಮೋಸ ಅನ್ನಲಾಗದು. ಆದರೆ "ಒರಿಜಿನಲ್ ಲಿಥೋಗ್ರಾಫ್" ಎಂಬ ಮಾತನ್ನು ಇಷ್ಟು ಧಾರಾಳವಾಗಿ ಬಳಸುವವನನ್ನು ನಾನು ಆಗಲೇ ಅನುಮಾನಿಸಬೇಕಿತ್ತು.

ಸಾಗಣೆಯಲ್ಲಿ ಗಾಜಿನ ಒಂದು ಮೂಲೆ ಬಿರುಕು ಬಿಟ್ಟಿತ್ತು. ಅದು ನನ್ನ ಪುಣ್ಯ. ಇಲ್ಲದಿದ್ದರೆ ಹಾಗೇ ನೇತುಹಾಕಿ ಬಂದವರಿಗೆಲ್ಲ ತೋರಿಸುತ್ತಿದ್ದೆ. ಹಲಸೂರಿನ ಫ್ರೇಮ್ ಅಂಗಡಿಗೆ ಒಯ್ದೆ. ಹುಡುಗ ಹಿಂಬದಿಯ ಕಂದು ಕಾಗದ ಹರಿದು, ಮೊಳೆ ಕಿತ್ತು, ಚಿತ್ರದ ಸುತ್ತಲಿನ ಮೌಂಟ್ ರಟ್ಟನ್ನು ಎತ್ತಿದ. ಕೆಳಗೆ ರಟ್ಟು ಮುಚ್ಚಿದ್ದ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಮುದ್ರಣ ವಿವರದ ಒಂದು ಸಾಲಿತ್ತು. ಅವನೇ ಓದಿದ. "ಸಾರ್, ಇದು 1986 ಅಂತಿದೆ. ಹಳೇದು ಅಂದ್ರಲ್ಲ, ಪರವಾಗಿಲ್ಲ, ಹಳೇದೇ."

ನನಗೆ ಅಲ್ಲೇ ಕಾಲು ಸೋತಿತು. ಡಗ್ಲಸ್ ಬಾಡರ್ ತೀರಿಕೊಂಡದ್ದು 1982ರ ಸೆಪ್ಟೆಂಬರ್ 5ರಂದು.

ಹುಡುಗನಿಗೆ ಹೇಳಿದರೆ ನಕ್ಕುಬಿಟ್ಟ. "ಮೇಲಿಂದ ಬಂದು ಹಾಕವ್ರೆ ಬಿಡಿ ಸಾರ್." ನಾನೂ ನಕ್ಕೆ, ಬೇರೇನು ಮಾಡಲಿ.

ಸತ್ತವರ ಸಹಿ ಹೊಸ ಪ್ರಿಂಟ್ ಜೊತೆ ಬರುವ ಒಂದು ಸಾಚಾ ದಾರಿ ಇದೆ: ಹಿಂದೆಂದೋ ಬೇರೆ ಚೀಟಿಯ ಮೇಲೆ ಹಾಕಿಸಿಟ್ಟ ಸಹಿಯನ್ನು ಮೌಂಟ್‌ನಲ್ಲಿ ಪ್ರತ್ಯೇಕ ಕಿಟಕಿ ಕತ್ತರಿಸಿ ಕೂರಿಸುತ್ತಾರೆ, ಹಾಗೆಂದು ಹೇಳಿಯೇ ಮಾರುತ್ತಾರೆ. ನನ್ನದರಲ್ಲಿ ಸಹಿ ಇದ್ದದ್ದು ಪ್ರಿಂಟಿನ ಕಾಗದದ ಮೇಲೆಯೇ. ಮನೆಗೆ ತಂದು ಭೂತಗನ್ನಡಿ ಹಿಡಿದೆ. ಕೈ ಓಡಿಸಿ ಹಾಕಿದ ಸಹಿಯ ಗೆರೆ ಶುರುವಿನಲ್ಲೂ ಕೊನೆಯಲ್ಲೂ ತೆಳುವಾಗುತ್ತದೆ. ಇದು ಮೊದಲಿಂದ ಕೊನೆಯವರೆಗೆ ಒಂದೇ ದಪ್ಪ, ನಡುವೆ ಎರಡು ಕಡೆ ಪೆನ್ನು ನಿಂತು ಶಾಯಿ ಹರಡಿದೆ. ಮಗು ಅಕ್ಷರ ತೀಡಿದ ಹಾಗೆ.

ಆದರೂ ವುಟನ್ ಸಹಿಯಾದರೂ ಉಳಿಯಲಿ ಅಂತ ಆಸೆ. 1986ರಲ್ಲಿ ಅವನು ಬದುಕಿದ್ದ. ಕಾಟನ್‌ಪೇಟೆಯ ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ಗೆಳೆಯನೊಬ್ಬನಿದ್ದಾನೆ, ಅವನ ಹತ್ತಿರ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಇದೆ. ಇಟ್ಟು ನೋಡಿ ನನ್ನ ಕೈಗೆ ಕೊಟ್ಟ. ಸಹಿಯ ಗೆರೆ ಗೆರೆಯೇ ಅಲ್ಲ, ಬರೀ ಚುಕ್ಕಿ! ಮದುವೆ ಕರೆಯೋಲೆಯಲ್ಲಿ ಗಣಪತಿಯ ಹೊಟ್ಟೆಗೆ ಲೂಪ್ ಹಿಡಿದರೆ ಕಾಣುವ ಅದೇ ಚುಕ್ಕಿ, ನಾಲ್ಕು ಬಣ್ಣದ್ದು, ಪುಟ್ಟ ಹೂವಿನಂತೆ ಸೇರಿಕೊಂಡದ್ದು. ಪೆನ್ಸಿಲ್ ಸಹಿಗೆ ಚುಕ್ಕಿ ಇರುವುದಿಲ್ಲ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸೀಸ ಮಿಂಚುತ್ತದೆ, ಕಾಗದ ಒಂದಿಷ್ಟು ತಗ್ಗಿರುವುದೂ ಕಾಣುತ್ತದೆ. ನನ್ನದು ನುಣ್ಣಗಿತ್ತು. ಸಹಿಯನ್ನೂ ಚಿತ್ರದ ಜೊತೆಗೇ ಅಚ್ಚು ಹಾಕಿದ ಮಾಮೂಲಿ ಪೋಸ್ಟರ್ ಅದು. ಅದನ್ನು ಅಚ್ಚು ಹಾಕಿದವರ ತಪ್ಪೇನಿಲ್ಲ, ಪೋಸ್ಟರ್ ಅಂತಲೇ ಮಾರಿದ್ದಾರು. ಸಂಖ್ಯೆ ಇರಲಿಲ್ಲ, ಉಬ್ಬು ಮುದ್ರೆ ಇರಲಿಲ್ಲ. ಮೌಂಟ್ ಹಾಕಿದವನು ಎರಡು "ಸಹಿ" ಮಾತ್ರ ಕಾಣುವಷ್ಟು ಕಿಟಕಿ ಬಿಟ್ಟು ಉಳಿದದ್ದನ್ನು ಲೆಕ್ಕ ಹಾಕಿ ಮುಚ್ಚಿದ್ದ. ಜೊತೆಗೆ ಬಂದ ಸರ್ಟಿಫಿಕೇಟ್ ಮನೆಯ ಪ್ರಿಂಟರಿನದು. ಬೆರಳು ಒದ್ದೆ ಮಾಡಿ ಸವರಿದರೆ ಶಾಯಿ ಕದಡಿತು.

ಹಣದ ಕಥೆ ಚಿಕ್ಕದು. ಮಾರಿದವನು ಮೊದಲ ಸಂದೇಶಕ್ಕೆ "ನೋಡುತ್ತೇನೆ" ಅಂದ, ಎರಡನೆಯದಕ್ಕೆ ಉತ್ತರವಿಲ್ಲ, ಮೂರನೆಯದು ಕಳಿಸುವಷ್ಟರಲ್ಲಿ ಖಾತೆಯೇ ಮಾಯ. ಹಣ ಹೊರಗೆ ಕೊಟ್ಟಿದ್ದರಿಂದ ಸೈಟಿನವರು ಕೈ ಚೆಲ್ಲಿದರು. ಸ್ನೇಹಿತನಿಗೆ ಅಂತ ನೀವೇ ಒಪ್ಪಿ ಕಳಿಸಿದ್ದೀರಲ್ಲ ಅಂತ ಹಣ ರವಾನಿಸಿದವರೂ ಕೈ ತೊಳೆದುಕೊಂಡರು. ಅಕ್ಕನ ಮಗ ಇವತ್ತಿಗೂ "ನಾನು ಹೇಳಿದ್ದೆ" ಅಂದಿಲ್ಲ, ಒಳ್ಳೆಯ ಹುಡುಗ.

ಈಗ ನಾನು ಫ್ರೇಮಿನಲ್ಲಿರುವುದನ್ನು ಮುಟ್ಟುವುದೇ ಇಲ್ಲ. ಕೊಳ್ಳಲೇಬೇಕಾದರೆ ಬಿಚ್ಚಿಸಿ, ಕಾಗದದ ನಾಲ್ಕೂ ಅಂಚು ಕಾಣುವ ಫೋಟೊ, ಹಿಂಬದಿಯ ಫೋಟೊ, ಸಹಿಯ ಮೇಲೆ ಓರೆ ಬೆಳಕು ಬಿದ್ದ ಫೋಟೊ ಕೇಳುತ್ತೇನೆ. ಸಾಚಾ ಮಾರಾಟಗಾರರು ಬೇಸರಿಸಿಕೊಳ್ಳುವುದಿಲ್ಲ. ಒಬ್ಬಾಕೆಯಂತೂ ಕೇಳದೆಯೇ ಒಂಬತ್ತು ಫೋಟೊ ಕಳಿಸಿದರು. ಬಿಚ್ಚಿದಾಗ ಬೇರೆ ರೋಗಗಳೂ ಬಯಲಾಗುತ್ತವೆ. ಚಿತ್ರವನ್ನು ಶಾಖ ಕೊಟ್ಟು ರಟ್ಟಿಗೆ ಅಂಟಿಸಿಬಿಟ್ಟಿರುತ್ತಾರೆ, ಫ್ರೇಮಿಗೆ ಹಿಡಿಸಲಿಲ್ಲ ಅಂತ ಅಂಚನ್ನೇ ಕತ್ತರಿಸಿರುತ್ತಾರೆ, ಅಗ್ಗದ ಮೌಂಟಿನ ಆಮ್ಲ ಸುತ್ತಲೂ ಕಂದು ಗೆರೆ ಎಳೆದಿರುತ್ತದೆ. ಸಹಿ ನಿಜವಾಗಿದ್ದರೂ ಬೆಲೆ ಅರ್ಧ ಹೋಯಿತು. ಬಿಸಿಲಿಗೆ ಬಿದ್ದ ಪ್ರಿಂಟಿನಲ್ಲಿ ಕೆಂಪು, ಹಳದಿ ಮೊದಲು ಹೋಗಿ ಚಿತ್ರ ನೀಲಿಗೆ ತಿರುಗುತ್ತದೆ. ಅದನ್ನೇ ಕೆಲವರು "ಮುಂಜಾನೆಯ ಮಂಜು" ಅಂತ ವರ್ಣಿಸಿ ಮಾರುವುದನ್ನೂ ನೋಡಿದ್ದೇನೆ.

ಇನ್ನೊಂದು, ಪೈಲಟ್‌ಗಳು ತೀರಿಕೊಂಡ ತಾರೀಖುಗಳನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟಿದ್ದೇನೆ. ಹೆಂಡತಿ ಅದನ್ನು ತಿಥಿ ಪಟ್ಟಿ ಅನ್ನುತ್ತಾಳೆ. ಬಾಡರ್ 1982, ಸ್ಟ್ಯಾನ್‌ಫರ್ಡ್ ಟಕ್ 1987, ಜರ್ಮನಿಯ ಅಡಾಲ್ಫ್ ಗ್ಯಾಲಂಡ್ 1996, ಜಾನಿ ಜಾನ್ಸನ್ 2001. ಪ್ರಿಂಟಿನ ಇಸವಿಯನ್ನು ಇದರ ಪಕ್ಕ ಹಿಡಿದು ನೋಡಲು ಅರ್ಧ ನಿಮಿಷ ಸಾಕು. ಸುಳ್ಳು ಸಹಿ ಹಾಕುವವರು ಕೈಬರಹ ಕಲಿಯುತ್ತಾರೆ, ಪಂಚಾಂಗ ನೋಡುವುದಿಲ್ಲ.

ಕ್ಯಾನ್ವಾಸ್ ಮೇಲೆ ಪ್ರಿಂಟ್ ತೆಗೆದು, ಮೇಲೆ ಪಾರದರ್ಶಕ ಅಂಟನ್ನು ಬ್ರಷ್ಷಿನಲ್ಲಿ ಬಳಿದು "ತೈಲವರ್ಣ, ವುಟನ್‌ನ ಕರಡು" ಅನ್ನುವುದೂ ನಡೆಯುತ್ತದೆ. ನನಗೆ ಆ ಪೋಸ್ಟರ್ ಮಾರಿದವನೇ ಇಂಥದ್ದೊಂದನ್ನೂ ತೋರಿಸಿದ್ದ. ಬ್ರಷ್ಷಿನ ಗೀರು ರೆಕ್ಕೆಯ ಮೇಲೆ ಅಡ್ಡಡ್ಡ ಹೋಗುತ್ತಿತ್ತು, ರೆಕ್ಕೆಯ ಬಣ್ಣ ಉದ್ದುದ್ದ. ದೇವರ ದಯೆ, ಅಷ್ಟು ಹಣ ನನ್ನ ಹತ್ತಿರ ಇರಲಿಲ್ಲ.

ಅಪ್ಪನ ಜಾಹೀರಾತನ್ನು ಈಗ ಟ್ರಂಕಿನಿಂದ ಬಿಡಿಸಿ ಆಮ್ಲವಿಲ್ಲದ ರಟ್ಟಿನ ಮೇಲೆ ಹಾಕಿಸಿದ್ದೇನೆ, ಪತ್ರಿಕೆಯ ಹರಿದ ಅಂಚು ಪೂರ್ತಿ ಕಾಣುವ ಹಾಗೆ. ಫ್ರೇಮ್ ಹುಡುಗ ಎರಡು ಸಲ ಕೇಳಿದ, ಅಂಚು ಕತ್ತರಿಸಿ ನೀಟಾಗಿ ಮಾಡಲಾ ಅಂತ. ಬೇಡ ಅಂದೆ.

ಆ ಸ್ಪಿಟ್‌ಫೈರ್ ಪೋಸ್ಟರ್ ಮಂಚದ ಕೆಳಗಿದೆ. ಹೋದ ವಾರ ಬೇರೊಂದು ಸೈಟಿನಲ್ಲಿ, ಬೇರೆ ಹೆಸರಿನ ಖಾತೆಯಲ್ಲಿ, ಅದೇ ಫೋಟೊ ಕಂಡೆ. ಅದೇ ಗೋಡೆ, ಮೌಂಟಿನ ಎಡ ಮೂಲೆಯಲ್ಲಿ ಅದೇ ಕಂದು ಕಲೆ. ಈ ಸಲ 550 ಪೌಂಡ್. ಮೌಂಟ್ ಎತ್ತಿ ಕೆಳಗಿನ ಸಾಲಿನ ಫೋಟೊ ಕಳಿಸಿ ಅಂತ ಕೇಳಿದೆ. ತಾತನ ಸಂಗ್ರಹವಂತೆ, ಫ್ರೇಮ್ ಬಿಚ್ಚಿದರೆ ಹಾಳಾದೀತಂತೆ.