ಅಡಿಕೆ ಮಂಡಿಯ ಮೇಲ್ ಸರ್ವರ್ ಮುಂದೆ ಪಿಎಫ್‌ಸೆನ್ಸ್: ಹಲವು ಮಳೆಗಾಲ ಕಳೆದ ಮೇಲೆ

ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಕಂಪ್ಯೂಟರ್ ಕೆಲಸ ನನ್ನದು. ರಾಶಿ, ಬೆಟ್ಟೆ, ಸರಕು, ಗೊರಬಲು ದರಪಟ್ಟಿ ಹೊರರಾಜ್ಯದ ವ್ಯಾಪಾರಿಗಳಿಗೆ ಮೇಲ್‌ನಲ್ಲೇ ಹೋಗಬೇಕು. ಆ ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್ ಸರ್ವರ್ ನಮ್ಮ ಆಫೀಸಿನಲ್ಲೇ ಇದೆ. ಅದರ ಮುಂದೆ ನಿಂತು ಇಂಟರ್ನೆಟ್‌ನಿಂದ ಬರುವುದನ್ನೂ ಹೋಗುವುದನ್ನೂ ಕಾಯುವ ಫೈರ್‌ವಾಲ್ ಪಿಎಫ್‌ಸೆನ್ಸ್, ಉಚಿತ ಆವೃತ್ತಿ.

ಇಂಟರ್ನೆಟ್ ಕಂಪನಿ ಕೊಟ್ಟ ಐಪಿ ವಿಳಾಸಗಳ ಗುಂಪು ನಮ್ಮದು /29 ಬ್ಲಾಕ್. ಲೆಕ್ಕಕ್ಕೆ 8 ವಿಳಾಸ, ಗೇಟ್‌ವೇ ಎಲ್ಲ ಕಳೆದು ಕೈಗೆ ಸಿಗುವುದು 5. ಆಫೀಸಿನ ಬ್ರೌಸಿಂಗ್ ಒಂದರಲ್ಲಿ, ಮೇಲ್ ಇನ್ನೊಂದರಲ್ಲಿ. "ಒಂದೇ ಸಾಕಲ್ವಾ?" ಅಂತ ಯಜಮಾನರು ಕೇಳಿದ್ದರು. ಸಾಲದು. ಯಾವುದೋ ಪಿಸಿಗೆ ವೈರಸ್ ಹತ್ತಿ ಸ್ಪ್ಯಾಮ್ ಹೊರಟರೆ ಆ ವಿಳಾಸ ಬ್ಲಾಕ್‌ಲಿಸ್ಟ್ ಸೇರುತ್ತದೆ, ದರಪಟ್ಟಿಯೂ ಅಲ್ಲೇ ನಿಲ್ಲುತ್ತದೆ. ಇದೇ ಕಾರಣಕ್ಕೆ ಮೇಲ್ ಸರ್ವರ್ ಬಿಟ್ಟು ಬೇರೆ ಯಾರಿಗೂ ಹೊರಗಿನ 25ನೇ ಪೋರ್ಟ್ (ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಸಾಗುವ ಬಾಗಿಲು) ತೆರೆದಿಲ್ಲ.

ಬರುವ ಮೇಲ್ ಸುಲಭ. ಎರಡನೇ ವಿಳಾಸವನ್ನು ಫೈರ್‌ವಾಲ್‌ನಲ್ಲಿ ವರ್ಚುವಲ್ ಐಪಿಯಾಗಿ ಸೇರಿಸಿ, ಮೇಲ್‌ಗೆ ಬೇಕಾದ 25, 465, 587, 993 ಪೋರ್ಟ್‌ಗಳನ್ನು ಸರ್ವರ್ ಕಡೆ ತಿರುಗಿಸಿದರೆ ಆಯ್ತು. ತಕರಾರಿರುವುದು ಹೋಗುವ ಮೇಲ್‌ನಲ್ಲಿ. ಔಟ್‌ಬೌಂಡ್ ನ್ಯಾಟ್ (ಹೊರಡುವಾಗ ಒಳವಿಳಾಸವನ್ನು ಹೊರವಿಳಾಸಕ್ಕೆ ಬದಲಿಸುವ ಏರ್ಪಾಡು) 'ಆಟೋಮ್ಯಾಟಿಕ್' ಇದ್ದರೆ ಮೇಲ್ ಬರುವುದು ಎರಡನೇ ವಿಳಾಸಕ್ಕೆ, ಹೊರಡುವುದು ಮಾತ್ರ ಇಂಟರ್ನೆಟ್ ಕಡೆಯ ವ್ಯಾನ್ ಪೋರ್ಟಿನ ಮೊದಲ ವಿಳಾಸದಿಂದ. ಅದಕ್ಕೆ ಪಿಟಿಆರ್ (ಐಪಿಯಿಂದ ಹೆಸರು ತಿಳಿಸುವ ದಾಖಲೆ) ಇಲ್ಲ, ನಮ್ಮ ಡೊಮೇನ್ ಪರವಾಗಿ ಮೇಲ್ ಕಳಿಸಬಹುದಾದ ವಿಳಾಸಗಳ ಎಸ್‌ಪಿಎಫ್ ಪಟ್ಟಿಯಲ್ಲೂ ಅದು ಇಲ್ಲ. ಜಿಮೇಲ್ 550-5.7.25 ಅಂತ ಬಾಗಿಲಲ್ಲೇ ವಾಪಸ್ ಕಳಿಸುತ್ತದೆ. ಪರದೆಯಲ್ಲಿ ಎಲ್ಲವೂ ಸರಿ ಅನ್ನಿಸುವಂತೆ ಕಾಣುವುದೇ ನನಗೆ ಇದರಲ್ಲಿ ಹಿಡಿಸದ ಗುಣ.

ದಾರಿ ಇದೆ. ಮೋಡ್ ಅನ್ನು 'ಹೈಬ್ರಿಡ್' ಮಾಡಿ, ಸರ್ವರ್‌ನ ಒಳವಿಳಾಸದಿಂದ ಹೊರಡುವುದೆಲ್ಲ ಎರಡನೇ ವಿಳಾಸದಿಂದ ಹೋಗಲಿ ಅಂತ ಒಂದು ನಿಯಮ ಬರೆಯಬೇಕು. ಹಳೆಯ ಸ್ಟೇಟ್‌ಗಳನ್ನು (ಫೈರ್‌ವಾಲ್ ನೆನಪಿಟ್ಟ ಸಂಪರ್ಕಗಳನ್ನು) ರೀಸೆಟ್ ಮಾಡಬೇಕು, ಇಲ್ಲದಿದ್ದರೆ ತೆರೆದಿರುವ ಸಂಪರ್ಕಗಳು ಹಳೇ ದಾರಿಯಲ್ಲೇ ಓಡುತ್ತಿರುತ್ತವೆ. ಒಂದು ಹೊರವಿಳಾಸವನ್ನು ಒಂದು ಒಳವಿಳಾಸಕ್ಕೆ ಜೋಡಿಸುವ ಒನ್-ಟು-ಒನ್ ನ್ಯಾಟ್ ಎರಡೂ ದಿಕ್ಕನ್ನು ಒಟ್ಟಿಗೆ ನೋಡಿಕೊಳ್ಳುತ್ತದೆ, ಆದರೆ ಫೈರ್‌ವಾಲ್ ನಿಯಮ ಬೇರೆ ಬರೆಯಲೇಬೇಕು. ಆಫೀಸ್ ಒಳಗಿನವರಿಗೂ ಅದೇ ಹೆಸರಲ್ಲಿ ಸರ್ವರ್ ಸಿಗಬೇಕೇ? ಒಳಗಿನವರನ್ನು ಹೊರವಿಳಾಸದ ಮೂಲಕ ಸುತ್ತಿಸಿ ತರುವ ನ್ಯಾಟ್ ರಿಫ್ಲೆಕ್ಷನ್‌ಗಿಂತ, ಹೆಸರಿಗೆ ವಿಳಾಸ ಹೇಳುವ ಡಿಎನ್‌ಎಸ್ ರಿಸಾಲ್ವರ್‌ನಲ್ಲಿ ಒಳವಿಳಾಸ ಕೊಡುವುದು ವಾಸಿ. ಲಾಗ್‌ನಲ್ಲಿ ಯಾವ ಪಿಸಿ ಬಂತು ಅನ್ನುವುದು ನೇರವಾಗಿ ಕಾಣುತ್ತದೆ.

ಪಿಟಿಆರ್ ಮಾತ್ರ ನಮ್ಮ ಕೈಯಲ್ಲಿಲ್ಲ. ಡೊಮೇನ್ ಕೊಂಡ ಕಡೆ ಹುಡುಕಿ ಪ್ರಯೋಜನವಿಲ್ಲ, ಐಪಿ ಕೊಟ್ಟವರೇ ಹಾಕಬೇಕು. ನಮ್ಮ ಇಂಟರ್ನೆಟ್ ಕಂಪನಿಯವರಿಗೆ ಅದೇನು ಅಂತ ಅರ್ಥ ಮಾಡಿಸುವುದರಲ್ಲೇ ಸಾಕಾಯಿತು!

ಇಲ್ಲಿನ ಹವೆಯಲ್ಲಿ ಬಾಳಿಕೆ ಹೇಗೆ? ಮಳೆಗಾಲದಲ್ಲಿ ಕರೆಂಟ್ ಹೇಳದೆ ಕೇಳದೆ ಹೋಗುತ್ತದೆ, ಯುಪಿಎಸ್ ಕೂಡ ಎಷ್ಟು ಹೊತ್ತು ತಡೆದೀತು? 2022ರ 2.6 ಆವೃತ್ತಿಯಿಂದ ಹೊಸದಾಗಿ ಹಾಕುವಾಗ, ಕರೆಂಟ್ ಹೋದರೂ ಡಿಸ್ಕಿನ ಫೈಲ್‌ಗಳನ್ನು ಚೆನ್ನಾಗಿ ಕಾಯುವ ಜೆಡ್‌ಎಫ್‌ಎಸ್ ಫೈಲ್ ವ್ಯವಸ್ಥೆ ತಾನಾಗಿಯೇ ಬರುತ್ತದೆ. ಅದಕ್ಕೆ ಬದಲಾಯಿಸಿಕೊಂಡ ಮೇಲೆ ಡಿಸ್ಕ್ ಕೆಟ್ಟ ತಲೆನೋವು ನಮಗೆ ಬಂದಿಲ್ಲ. ಒಮ್ಮೆ ಸಿಡಿಲಿಗೆ ಪೆಟ್ಟಿಗೆಯೇ ಸುಟ್ಟಿತ್ತು. ಸೆಟ್ಟಿಂಗ್ ಎಲ್ಲ ಒಂದೇ ಎಕ್ಸ್‌ಎಂಎಲ್ ಫೈಲ್ ಆದ್ದರಿಂದ ಮೂಲೆಯ ಹಳೇ ಪಿಸಿಗೆ ಅದನ್ನು ಹಾಕಿ, ನೆಟ್‌ವರ್ಕ್ ಕಾರ್ಡ್‌ಗಳ ಹೆಸರು ಬದಲಿಸಿದೆ. ವಿಳಾಸ, ನಿಯಮ ಎಲ್ಲ ಹಾಗೇ ಬಂದವು. ಇದಕ್ಕೇ ಪೂರ್ತಿ ಅಂಕ ಕೊಡುತ್ತೇನೆ.

ದಿನಾ ನೋಡಿಕೊಳ್ಳುವವರು ಯಾರೂ ಇಲ್ಲದ ಕಡೆ ಇದು ಬೇಡ, ಸುಮ್ನೆ ಹೊರಗಿನ ಮೇಲ್ ಸೇವೆ ತಗೊಳ್ಳಿ. ಹಾಕಿಯೇ ಹಾಕುತ್ತೀರಾದರೆ ಐಪಿವಿ6 (ಹೊಸ ಬಗೆಯ ಐಪಿ ವಿಳಾಸ; ಇದುವರೆಗೆ ಹೇಳಿದ್ದು ಹಳೆಯ ಐಪಿವಿ4) ಕಡೆ ಕಣ್ಣಿರಲಿ. ಲೈನಿನಲ್ಲಿ ಅದು ಬರುತ್ತಿದ್ದರೆ ಮೇಲ್ ಆ ದಾರಿಯಲ್ಲೂ ಹೊರಡಬಹುದು, ನೀವು ಬರೆದ ನ್ಯಾಟ್ ನಿಯಮ ಅದಕ್ಕೆ ತಾಕುವುದಿಲ್ಲ. ಅದಕ್ಕೆ ಪಿಟಿಆರ್ ಸಿಗುವ ತನಕ ಪೋಸ್ಟ್‌ಫಿಕ್ಸ್ ಅನ್ನು ಐಪಿವಿ4ಗೆ ಮಾತ್ರ ಕಟ್ಟಿಹಾಕಿ.