ಗ್ರಾಮ ಪಂಚಾಯಿತಿಯೋ, ಪಟ್ಟಣ ಪಂಚಾಯಿತಿಯೋ?

ಊರಿನ ಜನಸಂಖ್ಯೆ 10,000 ದಾಟಿದರೆ ಕರ್ನಾಟಕದಲ್ಲಿ ಈ ಪ್ರಶ್ನೆ ಏಳುತ್ತದೆ. ಮೊದಲನೆಯದು 1993ರ ಪಂಚಾಯತ್ ರಾಜ್ ಕಾಯ್ದೆಯಡಿ ನಡೆಯುತ್ತದೆ, ಎರಡನೆಯದು 1964ರ ಪುರಸಭೆಗಳ ಕಾಯ್ದೆಯಡಿ. ಬದಲಾಗುವುದು ಕಚೇರಿಯ ನಾಮಫಲಕವಷ್ಟೇ ಅಲ್ಲ.

ಗ್ರಾಮ ಪಂಚಾಯಿತಿಯ ನಿಜವಾದ ಆಸ್ತಿ ಗ್ರಾಮಸಭೆ. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಫಲಾನುಭವಿಗಳ ಪಟ್ಟಿ ಓದುತ್ತಿರುವಾಗ, ಹಿಂದಿನ ಸಾಲಿನಿಂದ ಅಜ್ಜಿಯೊಬ್ಬರು ಎದ್ದು "ನನ್ನ ಹೆಸರು ಏಕಿಲ್ಲ?" ಎಂದು ಕೇಳಬಹುದು. ಉತ್ತರ ಅಲ್ಲೇ ಕೊಡಬೇಕು. ಪಟ್ಟಣ ಪಂಚಾಯಿತಿಯಲ್ಲಿ ಮತದಾರರೆಲ್ಲ ಕೂಡುವ ಇಂಥ ಸಭೆ ಇಲ್ಲ. ವಾರ್ಡಿನ ಸದಸ್ಯರನ್ನೋ ಮುಖ್ಯಾಧಿಕಾರಿಯನ್ನೋ ಹುಡುಕಿಕೊಂಡು ಹೋಗಬೇಕು. ಗ್ರಾಮೀಣ ಉದ್ಯೋಗ ಖಾತರಿಯ ಕೂಲಿಯೂ ಕೈತಪ್ಪುತ್ತದೆ. ಕೂಲಿಯನ್ನೇ ನೆಚ್ಚಿದ ಮನೆಗಳಿಗೆ ಅದು ಸಣ್ಣ ನಷ್ಟವಲ್ಲ.

ಆದರೆ ಚರಂಡಿ, ಕಸ ವಿಲೇವಾರಿ, ಬಡಾವಣೆಗಳ ಒತ್ತಡ ಹೆಚ್ಚಿದಲ್ಲಿ ಪಟ್ಟಣ ಪಂಚಾಯಿತಿಯೇ ಸರಿ. ನಗರ ಯೋಜನೆಗಳ ಅನುದಾನ ಅದಕ್ಕೆ ತೆರೆಯುತ್ತದೆ. ತೆರಿಗೆಯೂ ಸಾಮಾನ್ಯವಾಗಿ ಏರುತ್ತದೆ. ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆಗೆ ಅವಕಾಶವಿಲ್ಲ.

ಇತಿಹಾಸವನ್ನೂ ನೆನೆಯಬೇಕು. ಆಗಿನ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಶ್ರಮದಿಂದ ಬಂದ 1983ರ ಕಾಯ್ದೆಯಡಿ 1987ರಲ್ಲಿ ಇಂದಿನ ಗ್ರಾಮ ಪಂಚಾಯಿತಿಗಳ ಹಿಂದಿನ ರೂಪವಾದ ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದು, ಹಳ್ಳಿಯ ಹೆಣ್ಣುಮಕ್ಕಳು ಮೀಸಲು ಸ್ಥಾನಗಳಲ್ಲಿ ಕುಳಿತರು. ದೇಶದೆಲ್ಲೆಡೆ ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಆಮೇಲೆ.

ಅರ್ಧಕ್ಕಿಂತ ಹೆಚ್ಚು ಮನೆಗಳು ಹೊಲ, ಕೂಲಿಯಿಂದ ಬದುಕುತ್ತಿದ್ದರೆ, ನನ್ನ ಮತ ಗ್ರಾಮ ಪಂಚಾಯಿತಿಗೇ.